ಆಸ್ಪತ್ರೆ ಎಡಕ್ಕೋ ಬಲಕ್ಕೋ: ಊರಿನ ದಾರಿ ಬೋರ್ಡ್‌ಗಳನ್ನು ಒಂದುಗೂಡಿಸಿದ ಕೆಲಸದ ಡೈರಿ

ರೈಲ್ವೆ ಸ್ಟೇಷನ್‌ನಿಂದ ಹೊರಗೆ ಬಂದ ತಕ್ಷಣ ಸಿಗುವ ಸರ್ಕಲ್‌ನಲ್ಲಿ ಒಂದು ಕಂಬ ಇತ್ತು. ಅದರ ಮೇಲೆ 'ಆಸ್ಪತ್ರೆ' ಅಂತ ಎರಡು ಬೋರ್ಡ್. ಒಂದರ ಬಾಣ ಎಡಕ್ಕೆ, ಇನ್ನೊಂದರದು ಬಲಕ್ಕೆ. ಎಕ್ಸ್‌ರೇ ಕವರ್ ಹಿಡಿದುಕೊಂಡ ಹೆಂಗಸೊಬ್ಬರು ಅದರ ಕೆಳಗೆ ನಿಂತು ಎರಡನ್ನೂ ನೋಡಿದರು. ಆಮೇಲೆ ನನ್ನನ್ನು ಕೇಳಿದರು. ನೋಡಿದರೆ ಎರಡು ಬಾಣವೂ ಸರಿಯಾಗೇ ಇದ್ದವು. ಎಡಕ್ಕೆ ತೋರಿಸುವುದು ವಾಹನಗಳಿಗೆ, ಒನ್‌ವೇ ಇರುವುದರಿಂದ ಸುತ್ತಿಕೊಂಡು ಹೋಗಬೇಕು. ಬಲಕ್ಕೆ ತೋರಿಸುವುದು ನಡೆಯುವವರಿಗೆ, ಆರು ನಿಮಿಷದ ದಾರಿ. ಯಾವುದು ಯಾರಿಗೆ ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ.

ಕೆಲಸ ನಮ್ಮ ಕೈಗೆ ಬಂದಾಗ ಹೇಳಿದ್ದು ಇಷ್ಟೇ: "ಊರಿನ ಬೋರ್ಡ್‌ಗಳೆಲ್ಲ ಒಂದೇ ಥರ ಕಾಣಬೇಕು." ಹನ್ನೊಂದು ತಿಂಗಳು ಇದರಲ್ಲೇ ಮುಳುಗಿದ ಮೇಲೆ ನನಗೆ ಅನಿಸುವುದೇ ಬೇರೆ. ಒಂದೇ ಥರ ಕಾಣುವುದು ಕೊನೆಯ ಕೆಲಸ. ಮೊದಲು ಒಂದು ಜಾಗಕ್ಕೆ ಒಂದೇ ಹೆಸರು ಇರಬೇಕು. ಒಂದು ಬೋರ್ಡಿನಲ್ಲಿ ಶುರುವಾದ ಹೆಸರು, ಆ ಜಾಗದ ಬಾಗಿಲು ಮುಟ್ಟುವ ತನಕ ಕೈಬಿಡಬಾರದು. ಬಣ್ಣ, ಅಕ್ಷರ, ಕಂಬ ಎಲ್ಲ ಅದರ ಹಿಂದೆ ಬರುತ್ತವೆ.

ಇಲ್ಲಿ ಬರೆದಿರುವುದು ಮೊದಲ ಹಂತದ ಕಥೆ. ಸ್ಟೇಷನ್‌ನಿಂದ ನದಿ ಸೇತುವೆಯ ತನಕದ ಪ್ರದೇಶ, ಒಟ್ಟು 63 ಕಂಬಗಳು.

ಮೊದಲ ಎರಡು ವಾರ: ಇರುವುದನ್ನು ಎಣಿಸಿದ್ದು

ಕಂಪ್ಯೂಟರ್ ಮುಟ್ಟಲೇ ಇಲ್ಲ. ಇಬ್ಬಿಬ್ಬರ ಮೂರು ತಂಡ. ಕೈಯಲ್ಲಿ ಫೋನು, ಟೇಪು, ಪ್ರಿಂಟ್ ತೆಗೆದ ಒಂದು ಮ್ಯಾಪು. ಕಂಡ ಪ್ರತಿ ಬೋರ್ಡಿಗೂ ನಂಬರ್ ಕೊಟ್ಟು ಮೂರು ಫೋಟೋ ತೆಗೆದೆವು: ಮುಂದಿನಿಂದ, ಹಿಂದಿನಿಂದ, ಮತ್ತು 20 ಮೀಟರ್ ದೂರದಿಂದ. ಮೂರನೆಯ ಫೋಟೋ ಯಾವತ್ತೂ ಬಿಡಬೇಡಿ. ಹತ್ತಿರ ನಿಂತರೆ ಫಳಫಳ ಹೊಳೆಯುವ ಬೋರ್ಡು ದೂರದಿಂದ ನೋಡಿದರೆ ಕೊಂಬೆಯ ಹಿಂದೆ ಮಾಯ.

ಸ್ಟೇಷನ್ ಸರ್ಕಲ್ ಒಂದರಲ್ಲೇ 11 ಬೋರ್ಡ್ ಸಿಕ್ಕವು. ಐದು ಬೇರೆ ಬೇರೆ ಕಡೆಯವರು, ಬೇರೆ ಬೇರೆ ಕಾಲದಲ್ಲಿ ಹಾಕಿಸಿದ್ದು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದ್ದರು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇರಲಿಲ್ಲ ಅಷ್ಟೇ. ದೊಡ್ಡ ದೊಡ್ಡ ಊರುಗಳ ಕಥೆಯೂ ಇದೇ. ನಡೆಯುವವರಿಗೆ ಊರಿಡೀ ಒಂದೇ ಥರದ ದಾರಿ ಬೋರ್ಡ್ ತಂದ 'ಲೆಜಿಬಲ್ ಲಂಡನ್' ಯೋಜನೆ ಬರುವ ಮುಂಚೆ ಲಂಡನ್ನಿನ ನಡುಭಾಗದಲ್ಲೇ ನಡೆಯುವವರಿಗೆ ದಾರಿ ಹೇಳುವ 32 ಬೇರೆ ಬೇರೆ ಪದ್ಧತಿಗಳಿದ್ದವು. ಎಷ್ಟೋ ಜನ ಅಲ್ಲಿನ ಟ್ಯೂಬ್ ರೈಲಿನ ಮ್ಯಾಪ್ ನೋಡಿಕೊಂಡೇ ನಡೆಯುತ್ತಿದ್ದರು. ಆ ಮ್ಯಾಪಿನಲ್ಲಿ ದೂರ ನಿಜದ ಅಳತೆಯಲ್ಲಿ ಇರುವುದಿಲ್ಲ ಅಲ್ವಾ? ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ರೈಲಿನ ದಾರಿ ಸುಮಾರು 260 ಮೀಟರ್. ಮ್ಯಾಪ್ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ, ಕೆಳಗಿಳಿದು ರೈಲು ಹತ್ತುತ್ತಾರೆ.

ಮೂರನೇ ವಾರ: ಜನರ ಕೈಯಲ್ಲೇ ಮ್ಯಾಪ್ ಬರೆಸಿದ್ದು

ಊರನ್ನು ಜನ ತಲೆಯಲ್ಲಿ ಹೇಗೆ ಇಟ್ಟುಕೊಂಡಿರುತ್ತಾರೆ ಅಂತ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್‌ಗಳಲ್ಲಿ ಜನರನ್ನು ಕೂರಿಸಿ ಕೇಳಿ 1960ರಲ್ಲಿ ಬರೆದಿದ್ದರು. ಅವರು ಕಂಡಿದ್ದು ಐದು ಸಂಗತಿ: ದಾರಿ, ಅಂಚು, ಬಡಾವಣೆ, ಕೂಡುಜಾಗ, ಗುರುತು. ನಾವೂ ಹಾಗೇ ಮಾಡಿದೆವು. ಖಾಲಿ ಹಾಳೆ ಕೊಟ್ಟು "ಸ್ಟೇಷನ್‌ನಿಂದ ಗ್ರಂಥಾಲಯಕ್ಕೆ ದಾರಿ ಬರೆದು ತೋರಿಸಿ" ಅಂದೆವು.

ಬಂದ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ ನೋಡಿದಾಗ ಮೈ ಜುಮ್ಮೆಂದಿತು. ಹೆಚ್ಚುಕಡಿಮೆ ಎಲ್ಲರೂ ಗಡಿಯಾರ ಗೋಪುರ ಬರೆದಿದ್ದರು. ಎಲ್ಲರೂ ಸೇತುವೆ ಬರೆದಿದ್ದರು. ರಸ್ತೆಯ ಹೆಸರು ಬರೆದವರು ಇಬ್ಬರೇ. ನಾವು ಅಲ್ಲಿಯವರೆಗೆ ಪಟ್ಟಿ ಮಾಡಿಕೊಂಡಿದ್ದ ಜಾಗಗಳಲ್ಲಿ ಗಡಿಯಾರ ಗೋಪುರ ಇರಲೇ ಇಲ್ಲ. ಅಲ್ಲಿಗೆ ಅಂತ ಯಾರೂ ಹೋಗುವುದಿಲ್ಲ, ಅದಕ್ಕೇ ಬಿಟ್ಟಿದ್ದೆವು. ಆದರೆ ಎಲ್ಲರೂ ಅದನ್ನು ದಾಟಿಯೇ ಹೋಗುತ್ತಾರೆ. ಅವತ್ತೇ ಅದು ಪಟ್ಟಿಯ ಮೊದಲ ಸಾಲಿಗೆ ಬಂತು.

ನಾಲ್ಕರಿಂದ ಎಂಟನೇ ವಾರ: ಹೆಸರುಗಳು

ಅತಿ ಹೆಚ್ಚು ಹೊತ್ತು ತಿಂದಿದ್ದು ಇದೇ. ಮೂರು ವಾರ ಸಾಕು ಅಂದುಕೊಂಡಿದ್ದೆವು, ಐದು ಬೇಕಾಯಿತು. ಆದರೆ ಇದಕ್ಕೆ ಕೊಟ್ಟ ಒಂದು ದಿನವೂ ದಂಡವಾಗಲಿಲ್ಲ.

ಗ್ರಂಥಾಲಯವನ್ನೇ ತಗೊಳ್ಳಿ. ಒಂದು ಬೋರ್ಡಿನಲ್ಲಿ 'ಕೇಂದ್ರ ಗ್ರಂಥಾಲಯ'. ಇನ್ನೊಂದರಲ್ಲಿ 'ಸಾರ್ವಜನಿಕ ಗ್ರಂಥಾಲಯ'. ಬಸ್ ಸ್ಟಾಪಿನಲ್ಲಿ 'ಲೈಬ್ರರಿ'. ಕಟ್ಟಡದ ಮೇಲೆ ಇವು ಯಾವುದೂ ಅಲ್ಲ, 'ನಗರ ಗ್ರಂಥಾಲಯ'. ಊರಿನವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಹೊಸಬರು ಮಾತ್ರ ಇಲ್ಲಿ ನಾಲ್ಕು ಗ್ರಂಥಾಲಯ ಇವೆ ಅಂದುಕೊಳ್ಳುತ್ತಾರೆ, ಕಟ್ಟಡದ ಮುಂದೆ ಬಂದು ನಿಂತ ಮೇಲೂ ಅನುಮಾನ ಪಡುತ್ತಾರೆ.

ನಾವು ಮಾಡಿಕೊಂಡ ನಿಯಮ ಸರಳ. ಬಾಗಿಲ ಮೇಲೆ ಏನು ಬರೆದಿದೆಯೋ ಅದೇ ಎಲ್ಲಾ ಬೋರ್ಡಿನಲ್ಲೂ ಇರಬೇಕು. ಬಾಗಿಲ ಮೇಲಿನ ಹೆಸರು ತೀರಾ ಉದ್ದ ಇದ್ದರೆ ಚಿಕ್ಕದು ಮಾಡೋಣ, ಆದರೆ ಬಾಗಿಲ ಮೇಲೂ ಆ ಚಿಕ್ಕ ಹೆಸರು ಕಾಣುವ ಹಾಗೆ ಹಾಕಿಸೋಣ. ಬಸ್ ಸ್ಟಾಪು, ಮ್ಯಾಪು, ಟಿಕೆಟ್ ಕೌಂಟರು, ಫೋನಿನ ಆ್ಯಪು ಎಲ್ಲ ಕಡೆ ಒಂದೇ ಕಾಗುಣಿತ. ಇದಕ್ಕಾಗಿ ಒಂದೇ ಒಂದು ಸ್ಪ್ರೆಡ್‌ಶೀಟ್ ಮಾಡಿದೆವು. ಒಂದು ಸಾಲಿಗೆ ಒಂದು ಜಾಗ. ಹೆಸರು, ಚಿಕ್ಕ ಹೆಸರು, ಎರಡನೇ ಭಾಷೆಯಲ್ಲಿ ಹೆಸರು, ಮುಖ್ಯ ಬಾಗಿಲು ಯಾವ ರಸ್ತೆಗೆ ಇದೆ, ಮೆಟ್ಟಿಲಿಲ್ಲದ ಬಾಗಿಲು ಎಲ್ಲಿದೆ. ಆ ಹಾಳೆಗೆ ಬೀಗ ಹಾಕಿದೆವು. ಬದಲಾಯಿಸುವ ಹಕ್ಕು ಒಬ್ಬರಿಗೇ.

ಯಾವುದು ಬೋರ್ಡಿಗೆ ಬರಬೇಕು, ಯಾವುದು ಬೇಡ ಅನ್ನುವುದೂ ಇಲ್ಲೇ ತೀರ್ಮಾನವಾಗಬೇಕು. ಎಲ್ಲರಿಗೂ ತಮ್ಮ ಜಾಗದ ಹೆಸರು ಬೇಕು, ಅದು ಸಹಜ. ಎಲ್ಲವನ್ನೂ ಹಾಕಿದರೆ ಯಾವುದೂ ಓದಲು ಸಿಗುವುದಿಲ್ಲ. ಮೂರು ದರ್ಜೆ ಮಾಡಿದೆವು. ಸ್ಟೇಷನ್, ಆಸ್ಪತ್ರೆ, ಮಾರುಕಟ್ಟೆ, ಸೇತುವೆ ಥರದವು ಎಷ್ಟು ದೂರದಿಂದ ಬೇಕಾದರೂ ಕಾಣಿಸಬಹುದು. ಗ್ರಂಥಾಲಯ, ವಸ್ತು ಸಂಗ್ರಹಾಲಯ, ಪಾರ್ಕು ಥರದವು ಹತ್ತು ನಿಮಿಷದ ನಡಿಗೆಯ ಒಳಗೆ. ಉಳಿದವು ಮ್ಯಾಪಿನಲ್ಲಿ ಮಾತ್ರ. ಒಂದು ಬೋರ್ಡಿಗೆ ನಾಲ್ಕು ಹೆಸರು, ಐದನೆಯದು ಬಂದರೆ ಒಂದು ಇಳಿಯಬೇಕು. ಈ ನಿಯಮವನ್ನು ಬರೆದು ಮೊದಲೇ ಎಲ್ಲರ ಸಹಿ ಹಾಕಿಸಿಕೊಂಡಿದ್ದು ಎಷ್ಟೋ ಜಗಳ ತಪ್ಪಿಸಿತು.

ಒಂಬತ್ತನೇ ವಾರ: ಸರಪಳಿ

ದಾರಿ ಕವಲೊಡೆಯುವ ಜಾಗ ಅಂದರೆ ಕಾಲು ನಿಧಾನವಾಗುವ ಜಾಗ. ಅಲ್ಲಿ ಬೋರ್ಡ್ ಬೇಕು. ನೇರ ರಸ್ತೆಯ ಮಧ್ಯೆ ಬೇಡ, ತುಂಬಾ ಉದ್ದ ಇದ್ದರೆ "ಸರಿಯಾಗೇ ಹೋಗ್ತಿದ್ದೀರಿ" ಅಂತ ಧೈರ್ಯ ಹೇಳಲು ಒಂದು ಸಾಕು. ಎಲ್ಲಾ ಕವಲುಗಳಿಗೂ ನಂಬರ್ ಕೊಟ್ಟು, ಪ್ರತಿ ಕಂಬದ ಪ್ರತಿ ಮುಖಕ್ಕೂ ಒಂದು ಸಾಲು ಬರೆದೆವು: ಯಾವ ಹೆಸರು, ಯಾವ ಬಾಣ, ಎಷ್ಟು ನಿಮಿಷ. ಮೇಲೆ ನೇರ ಹೋಗುವವು, ಆಮೇಲೆ ಎಡಕ್ಕೆ, ಕೊನೆಗೆ ಬಲಕ್ಕೆ. ಎಡಬಾಣ ಹೆಸರಿನ ಎಡಗಡೆ, ಬಲಬಾಣ ಬಲಗಡೆ. ಕಣ್ಣು ಯಾವ ಕಡೆ ಜಾರುತ್ತದೋ ಕಾಲೂ ಆ ಕಡೆಗೇ ಹೋಗುತ್ತದೆ.

ಆಮೇಲೆ ಸರಪಳಿ ಪರೀಕ್ಷೆ. ಒಂದು ಹೆಸರನ್ನು ಹಿಡಿದು ಮೊದಲ ಕಂಬದಿಂದ ಕೊನೆಯ ಕಂಬದ ತನಕ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು. ನಡುವೆ ಎಲ್ಲಾದರೂ ಹೆಸರು ತಪ್ಪಿತೋ, ಸರಪಳಿ ಕಡಿಯಿತು. 'ವಸ್ತು ಸಂಗ್ರಹಾಲಯ' 7ನೇ ಕಂಬದಲ್ಲಿ ಇತ್ತು, 12ರಲ್ಲಿ ಇತ್ತು, ನಡುವಿನ 9ರಲ್ಲಿ ಇರಲಿಲ್ಲ. ಅಲ್ಲಿ ನಾಲ್ಕು ಹೆಸರು ಆಗಲೇ ತುಂಬಿತ್ತು, ಬರೆಯುವಾಗ ಬಿಟ್ಟುಹೋಗಿತ್ತು. ಬೋರ್ಡ್ ಇಲ್ಲದಿದ್ದರೆ ಜನ ಮೊದಲೇ ಯಾರನ್ನಾದರೂ ಕೇಳುತ್ತಾರೆ. ನಂಬಿಸಿ ನಡುದಾರಿಯಲ್ಲಿ ಕೈಬಿಟ್ಟರೆ ಮುಂದೆ ಯಾವ ಬೋರ್ಡನ್ನೂ ನಂಬುವುದಿಲ್ಲ.

ನಿಮಿಷಗಳ ಬಗ್ಗೆ ಒಂದು ಮಾತು. ನಡಿಗೆಗೆ ನಿಮಿಷಕ್ಕೆ 80 ಮೀಟರ್ ಅನ್ನುವುದು ಸಾಮಾನ್ಯ ಲೆಕ್ಕ, ಐದು ನಿಮಿಷಕ್ಕೆ 400 ಮೀಟರ್. ನಾವು ಲೆಕ್ಕವನ್ನೇ ನಂಬದೆ ನಡೆದು ನೋಡಿ ಬರೆದೆವು. ಸಿಗ್ನಲ್‌ನಲ್ಲಿ ಕಾಯುವ ಹೊತ್ತೂ ನಡಿಗೆಯದೇ ಭಾಗ.

ಅಕ್ಷರದ ಅಳತೆ

ವಾಹನಗಳಿಗೆ ಬೇರೆ ಬೋರ್ಡ್, ನಡೆಯುವವರಿಗೆ ಬೇರೆ. ಆಸ್ಪತ್ರೆಯ ಆ ಎರಡು ಬಾಣ ನೋಡಿದ ದಿನವೇ ಇದು ಗಟ್ಟಿಯಾಗಿತ್ತು. ಲೆಕ್ಕವೂ ಅದನ್ನೇ ಹೇಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ನಾಲ್ಕು ಸಾಲು ಓದಲು ನಾಲ್ಕು ಸೆಕೆಂಡ್ ಹಿಡಿದರೆ 56 ಮೀಟರ್ ದೂರದಿಂದಲೇ ಅಕ್ಷರ ಕಾಣಬೇಕು. ಇಂಗ್ಲಿಷ್ ಅಕ್ಷರಕ್ಕೆ ಬಳಕೆಯಲ್ಲಿರುವ ಲೆಕ್ಕ ಒಂದು ಇಂಚು ಎತ್ತರಕ್ಕೆ 30 ಅಡಿ ದೂರ. ಅದರ ಪ್ರಕಾರ 150 ಮಿಲಿಮೀಟರ್‌ಗೂ ಸ್ವಲ್ಪ ಜಾಸ್ತಿ ಎತ್ತರದ ಅಕ್ಷರ ಬೇಕು. ನಡೆಯುವವರಿಗೆ 10 ಮೀಟರ್‌ನಿಂದ ಕಂಡರೆ ಸಾಕು, 30 ಮಿಲಿಮೀಟರ್ ಧಾರಾಳ.

ಆದರೆ ಒತ್ತಕ್ಷರ ಇರುವ ಲಿಪಿಗೆ ಈ ಲೆಕ್ಕ ಸುಮ್ನೆ ಎತ್ತಿ ಹಾಕಿದರೆ ನಡೆಯುವುದಿಲ್ಲ. 'ಆಸ್ಪತ್ರೆ' ಅನ್ನುವ ಪದವನ್ನೇ ನೋಡಿ. ಮೂರು ಅಕ್ಷರದಲ್ಲಿ ಎರಡಕ್ಕೆ ಒತ್ತು. ಒತ್ತು ಮೂಲ ಅಕ್ಷರಕ್ಕಿಂತ ಚಿಕ್ಕದು, ಮೊದಲು ಕರಗುವುದು ಅದೇ. ಪಟ್ಟಿಯ ಎಲ್ಲಾ ಹೆಸರುಗಳನ್ನೂ ಮೂರು ಅಳತೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆವು. ಮುಸ್ಸಂಜೆ ಹೊತ್ತಿಗೆ ಎಂಟು ಜನರನ್ನು ಹಿಂದೆ ಹಿಂದೆ ನಡೆಸಿದೆವು. ಓದಲು ಆಗದ ಜಾಗದಲ್ಲಿ ಸೀಮೆಸುಣ್ಣದ ಗೆರೆ. ಒತ್ತಿಲ್ಲದ 'ಸೇತುವೆ' ತುಂಬಾ ದೂರ ಹೋಯಿತು. 'ಆಸ್ಪತ್ರೆ' ಬೇಗ ನಿಂತಿತು. ಇಡೀ ಊರಿನ ಅಕ್ಷರದ ಅಳತೆಯನ್ನು 'ಆಸ್ಪತ್ರೆ'ಯ ಗೆರೆ ನೋಡಿ ನಿಶ್ಚಯ ಮಾಡಿದೆವು. ಗಾಬರಿಯಲ್ಲಿ ಓದುವ ಪದವೂ ಅದೇ ಅಲ್ವಾ.

ಸಾಲುಗಳ ನಡುವೆ ಜಾಗವೂ ಜಾಸ್ತಿ ಬೇಕು. ಮೇಲಿನ ಸಾಲಿನ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಇದಕ್ಕೆ ಬೋರ್ಡ್ ಉದ್ದವಾಗುತ್ತದೆ. ಆಗಲಿ. ಜಾಕ್ ಕಿನ್ನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಬ್ರಿಟನ್ನಿನ ರಸ್ತೆ ಬೋರ್ಡ್‌ಗಳನ್ನು ಮಾಡಿದಾಗ ಅಕ್ಷರದ ಅಳತೆಯಿಂದಲೇ ಬೋರ್ಡಿನ ಅಳತೆ ಹುಟ್ಟುವ ಹಾಗೆ ಕಟ್ಟಿದ್ದರು. ಸಿಕ್ಕ ತಗಡಿನೊಳಗೆ ಅಕ್ಷರ ತುರುಕುವ ಅಭ್ಯಾಸ ಬಿಡಬೇಕು.

ಇನ್ನೊಂದು ಪಾಠ ರಾತ್ರಿ ಸಿಕ್ಕಿತು. ಕಡುನೀಲಿಯ ಮೇಲೆ ಬಿಳಿ ಅಕ್ಷರ, ಬೆಳಕು ಬಿದ್ದರೆ ಹೊಳೆಯುವ ಶೀಟು. ಹೆಡ್‌ಲೈಟ್ ಬಿದ್ದಾಗ ಬಿಳಿ ಉಬ್ಬಿದ ಹಾಗೆ ಕಾಣುತ್ತದೆ. 'ಗ್ರಂಥಾಲಯ'ದ 'ಥ' ಒಳಗಿನ ಚುಕ್ಕಿ ಪೂರಾ ಮುಚ್ಚಿಹೋಯಿತು. ಫಾಂಟನ್ನು ಒಂದು ದರ್ಜೆ ತೆಳು ಮಾಡಿದ ಮೇಲೆ ಚುಕ್ಕಿ ಮತ್ತೆ ಕಂಡಿತು. ಬ್ರಿಟನ್ನಿನವರೂ ಕಪ್ಪು ಅಕ್ಷರಕ್ಕೆ ದಪ್ಪ, ಬಿಳಿ ಅಕ್ಷರಕ್ಕೆ ಸ್ವಲ್ಪ ತೆಳು ಅಂತ ಎರಡು ಬಗೆ ಇಟ್ಟುಕೊಂಡಿದ್ದಾರೆ.

ಬಡಾವಣೆಗೊಂದು ಬಣ್ಣ ಕೊಡೋಣ ಅಂತ ಸಲಹೆ ಬಂತು. ಬೇಡ ಅಂದೆವು. ಬಣ್ಣ ಗುರುತಿಸಲು ಆಗದವರೂ ಇರುತ್ತಾರೆ, ಬಿಸಿಲಿಗೆ ಬಣ್ಣ ಮಾಸುತ್ತದೆ. ಹೆಸರು ಮಾಸುವುದಿಲ್ಲ.

ಮ್ಯಾಪ್ ಯಾವ ಕಡೆ ಮುಖ ಮಾಡಬೇಕು

ಗೋಡೆಯ ಮೇಲಿನ ಮ್ಯಾಪಿನಲ್ಲಿ ಯಾವಾಗಲೂ ಉತ್ತರ ಮೇಲೆ ಇರಬೇಕು ಅನ್ನುವವರು ನಮ್ಮಲ್ಲೂ ಇದ್ದರು. ದಾರಿ ಬದಿಯ ಮ್ಯಾಪಿಗೆ ಅದು ಸರಿಯಲ್ಲ. ನೋಡುವವರ ಎದುರಿಗೆ ಏನಿದೆಯೋ ಅದೇ ಮ್ಯಾಪಿನ ಮೇಲ್ಭಾಗದಲ್ಲಿ ಇರಬೇಕು. ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವಿನ್ ಮತ್ತು ಜೊತೆಯವರು 1984ರಲ್ಲೇ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದರು: ತಿರುಗಿಸಿ ಇಟ್ಟ 'ನೀವು ಇಲ್ಲಿದ್ದೀರಿ' ಮ್ಯಾಪ್ ನೋಡಿದವರು ದಾರಿ ತಪ್ಪುತ್ತಾರೆ. ಲೆಜಿಬಲ್ ಲಂಡನ್ನಿನ ಕಂಬಗಳಲ್ಲೂ ಎದುರಿನ ದಿಕ್ಕೇ ಮೇಲೆ, ಜೊತೆಗೆ ಐದು ನಿಮಿಷದ ನಡಿಗೆಯ ವೃತ್ತ.

ಇದರಿಂದ ಕೆಲಸ ಜಾಸ್ತಿ ಆಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಕಂಬದ ಎರಡು ಮುಖಕ್ಕೆ ಎರಡು ಮ್ಯಾಪ್, ಹೆಸರುಗಳನ್ನೆಲ್ಲ ಮತ್ತೆ ನೇರ ಮಾಡಿ ಕೂರಿಸಬೇಕು. ಕಂಬವನ್ನು ಬೇರೆ ಕಡೆ ತಿರುಗಿಸಿ ನೆಟ್ಟರೆ ಮ್ಯಾಪ್ ಸುಳ್ಳಾಗುತ್ತದೆ. ಅದಕ್ಕೇ ಪ್ರತಿ ಕಂಬದ ಬುಡದ ಪ್ಲೇಟಿನ ಮೇಲೆ 'ಈ ಅಂಚು ಸೇತುವೆ ಕಡೆ' ಥರದ ಗುರುತು ಕೊರೆಸಿದೆವು. ಮ್ಯಾಪಿನ ಮಧ್ಯ ನೆಲದಿಂದ 1.4 ಮೀಟರ್ ಎತ್ತರ. ಗಾಲಿ ಕುರ್ಚಿಯಲ್ಲಿ ಕೂತವರ ಕಣ್ಣು ಇನ್ನೂ ಕೆಳಗೆ ಇರುತ್ತದೆ, ಆದ್ದರಿಂದ ಸಣ್ಣ ಅಕ್ಷರದ್ದೆಲ್ಲ ಮ್ಯಾಪಿನ ಕೆಳಭಾಗಕ್ಕೆ ಬಂತು.

ಮಾದರಿ ಕಂಬ, ಮತ್ತು ತಿರುಗಿದ ಕೈ

ಮೊದಲು ಫೋಮ್ ಶೀಟಿನಲ್ಲಿ ನಿಜದ ಅಳತೆಯ ಬೋರ್ಡ್ ಮಾಡಿ, ಹೊತ್ತುಕೊಂಡು ಹೋಗಿ, ಜಾಗದಲ್ಲೇ ಹಿಡಿದು ನೋಡಿದೆವು. ಒಬ್ಬರು ಹಿಡಿಯುವುದು, ಒಬ್ಬರು ರಸ್ತೆಯ ಆಚೆಯಿಂದ ಓದುವುದು. ಪರದೆಯ ಮೇಲೆ ಚೆಂದ ಕಂಡ ಎಷ್ಟೋ ಸಂಗತಿ ಇಲ್ಲಿ ಬಿದ್ದುಹೋದವು.

ಆಮೇಲೆ ನಾಲ್ಕು ನಿಜವಾದ ಕಂಬ. ಗುಂಡು ಪೈಪು, ಅದಕ್ಕೆ ಕ್ಲಾಂಪ್ ಹಾಕಿ ಬಾಣದ ಕೈಗಳು. ಕೈಯ ಕೆಳ ಅಂಚು ನೆಲದಿಂದ 2.4 ಮೀಟರ್, ಯಾರ ತಲೆಗೂ ತಾಗಬಾರದು. ಒಂಬತ್ತನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ 'ಮಾರುಕಟ್ಟೆ'ಯ ಕೈ ಒಂದು ಕಾಂಪೌಂಡ್ ಗೋಡೆಯನ್ನು ತೋರಿಸುತ್ತಿತ್ತು. ಗಾಳಿಗೋ, ಯಾರೋ ಜೋತು ಬಿದ್ದಿದ್ದಕ್ಕೋ, ಕ್ಲಾಂಪ್ ಜಾರಿತ್ತು. ನನಗೆ ಅವತ್ತು ನಿಜವಾಗಿಯೂ ಬೇಜಾರಾಯಿತು. ಅಷ್ಟು ದಿನ ಹೆಸರಿಗೆ, ಅಕ್ಷರಕ್ಕೆ ತಲೆ ಕೆಡಿಸಿಕೊಂಡು, ಕೊನೆಗೆ ಒಂದು ಸಡಿಲ ಬೋಲ್ಟು ಇಡೀ ಬೋರ್ಡನ್ನೇ ಸುಳ್ಳು ಮಾಡಿತ್ತು.

ಇನ್ನೂ ಬಿಗಿ ಮಾಡಿ ನೋಡಿದೆವು, ಮತ್ತೆ ಜಾರಿತು. ಗುಂಡು ಪೈಪನ್ನು ಎಷ್ಟು ಬಿಗಿ ಹಿಡಿದರೂ ಅದು ತಿರುಗುವ ಆಕಾರವೇ. ಕೊನೆಗೆ ಕ್ಲಾಂಪ್ ಮತ್ತು ಪೈಪ್ ಎರಡನ್ನೂ ಸೇರಿಸಿ ತೂತು ಕೊರೆದು, 8 ಮಿಲಿಮೀಟರ್ ಸ್ಟೇನ್‌ಲೆಸ್ ಬೋಲ್ಟ್ ಆರಪಾರ ಹಾಕಿದೆವು. ತಿರುಗುವುದು ನಿಂತಿತು. ಆದರೆ ತೂತನ್ನು ಪೌಡರ್ ಕೋಟಿಂಗ್ ಆದ ಮೇಲೆ ಕೊರೆದಿದ್ದೆವು, ಮಳೆಗಾಲ ಮುಗಿಯುವ ಹೊತ್ತಿಗೆ ತೂತಿನ ಸುತ್ತ ತುಕ್ಕು. ಉಳಿದ 59 ಕಂಬಗಳಿಗೆ ಮೊದಲೇ ಬಾಣದ ಕೋನ ಅಳೆದು, ಕೊರೆದು, ಆಮೇಲೆ ಕೋಟಿಂಗ್ ಕೊಡಿಸಿದೆವು. ಅಲ್ಯುಮಿನಿಯಂ ಕೈಗೂ ಸ್ಟೇನ್‌ಲೆಸ್ ಬೋಲ್ಟಿಗೂ ನಡುವೆ ನೈಲಾನ್ ವಾಷರ್ ಹಾಕುವುದು ಮರೆಯಬೇಡಿ. ಎರಡು ಲೋಹ ತೇವದಲ್ಲಿ ಅಂಟಿಕೊಂಡಿದ್ದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ.

ಇನ್ನೊಂದು ತಪ್ಪು ಪ್ರಿಂಟ್ ಮಾಡುವಲ್ಲಿ ಆಯಿತು. ಎರಡು ಮುಖದ ಬೋರ್ಡಿನ ಹಿಂಬದಿಗೆ ಮುಂಬದಿಯ ಫೈಲನ್ನೇ ಕಳಿಸಿದ್ದರು. ಮುಂದೆ ಎಡ ಅಂದರೆ ಹಿಂದೆ ಬಲ ಆಗಬೇಕು, ಎರಡೂ ಕಡೆ ಎಡ ಬಂದಿತ್ತು. ಅಂದಿನಿಂದ ಫೈಲಿನ ಹೆಸರಿನಲ್ಲೇ ಕಂಬದ ನಂಬರ್, ಮುಖದ ಅಕ್ಷರ. ನೆಡುವ ಮುಂಚೆ ಒಬ್ಬರು ಬೋರ್ಡ್ ಹಿಡಿದು ಜಾಗದಲ್ಲಿ ನಿಲ್ಲಬೇಕು, ಇನ್ನೊಬ್ಬರು ಕೈ ಚಾಚಿ ಬಾಣದ ಕಡೆ ತೋರಿಸಬೇಕು. ಅರ್ಧ ನಿಮಿಷದ ಕೆಲಸ.

ಗುಂಡಿ ತೋಡುವಾಗ ಎರಡು ಕಡೆ ಕೇಬಲ್ ಸಿಕ್ಕಿತು, ಕಂಬ ಸ್ವಲ್ಪ ಸರಿಸಬೇಕಾಯಿತು. ಕಂಬವನ್ನು ನೇರ ಕಾಂಕ್ರೀಟಿನಲ್ಲಿ ಹೂಳಲಿಲ್ಲ, ಬುಡಕ್ಕೆ ಪ್ಲೇಟ್, ನಾಲ್ಕು ಆಂಕರ್ ಬೋಲ್ಟ್. ಲಾರಿ ಗುದ್ದಿದರೆ ಕಂಬ ಬದಲಾಯಿಸಿದರೆ ಸಾಕು, ನೆಲ ಅಗೆಯಬೇಕಿಲ್ಲ.

ಹೊಸಬರನ್ನು ನಡೆಸಿ ನೋಡಿದ್ದು

ಊರಿಗೆ ಹೊಸಬರಾದ 12 ಜನ, ಫೋನು ಜೇಬಿನಲ್ಲಿ. ಸ್ಟೇಷನ್‌ನಿಂದ ಆಸ್ಪತ್ರೆ, ಅಲ್ಲಿಂದ ಗ್ರಂಥಾಲಯ. ನಾವು ಹತ್ತು ಹೆಜ್ಜೆ ಹಿಂದೆ, ಮಾತಿಲ್ಲ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕತ್ತು ತಿರುಗಿಸುತ್ತಾರೆ ಅನ್ನುವುದನ್ನಷ್ಟೇ ಬರೆದುಕೊಂಡೆವು.

ರಸ್ತೆಯ ಕೆಳಗಿನ ಸುರಂಗ ದಾರಿಯಿಂದ ಮೇಲೆ ಬಂದವರಲ್ಲಿ ನಾಲ್ಕು ಜನ ತಪ್ಪು ಕಡೆ ಹೋದರು. ಮೆಟ್ಟಿಲು ಅರ್ಧದಲ್ಲಿ ತಿರುಗುತ್ತದೆ. ಮೇಲೆ ಬಂದಾಗ ಮುಖ ಬಂದ ದಿಕ್ಕಿಗೇ ಇರುತ್ತದೆ, ಆದರೆ ಮುಂದಕ್ಕೇ ಹೋಗುತ್ತಿದ್ದೇವೆ ಅನಿಸುತ್ತದೆ. ಬೋರ್ಡ್ ಇತ್ತು, ಆದರೆ ಅವರ ಬೆನ್ನ ಹಿಂದೆ. ಹೊಸ ಬೋರ್ಡ್ ಸೇರಿಸಲಿಲ್ಲ. ಅದೇ ಕಂಬವನ್ನು ಕಿತ್ತು, ಕೊನೆಯ ಮೆಟ್ಟಿಲು ಹತ್ತುವವರ ಕಣ್ಣ ಮುಂದೆ ನೆಟ್ಟೆವು. ಮರುವಾರ ಬೇರೆ ಆರು ಜನರನ್ನು ನಡೆಸಿದಾಗ ಯಾರೂ ತಪ್ಪಲಿಲ್ಲ.

ಹಳೆಯದನ್ನು ಇಳಿಸಿದ್ದು

63 ಕಂಬ ಹಾಕಲು 140 ಹಳೆಯ ಬೋರ್ಡ್ ತೆಗೆದೆವು. ಇದಕ್ಕೆ ಹಾಕಿಸಿದವರೆಲ್ಲರ ಒಪ್ಪಿಗೆ ಪತ್ರ ಬೇಕು, ಅದನ್ನು ಮೊದಲ ತಿಂಗಳಲ್ಲೇ ಕೇಳಲು ಶುರು ಮಾಡಿ. ಹಳೆಯದನ್ನು ಬಿಟ್ಟು ಹೊಸದು ಹಾಕಿದರೆ ನೀವು ಹನ್ನೆರಡನೇ ಬೋರ್ಡ್ ಹಾಕಿದ ಹಾಗೆ, ಅಷ್ಟೇ.

ಈಗ ಪ್ರತಿ ಕಂಬದ ಹಿಂದೆ ಒಂದು ನಂಬರ್ ಇದೆ. ಹಾಳಾಗಿದ್ದರೆ ಜನ ಆ ನಂಬರ್ ಹೇಳಿದರೆ ಸಾಕು. ಹೆಸರುಗಳು ಬಿಡಿ ಪಟ್ಟಿಯ ಮೇಲೆ ಇವೆ, ಎರಡು ಸ್ಕ್ರೂ ಬಿಚ್ಚಿದರೆ ಒಂದು ಹೆಸರು ಹೊರಗೆ ಬರುತ್ತದೆ. ಹೋದ ವಾರ ಪಾರ್ಕಿನ ಹೆಸರು ಬದಲಾಯಿತು. ಹಾಳೆಯಲ್ಲಿ ಒಂದು ಸಾಲು ತಿದ್ದಿದೆವು, ಎಲ್ಲೆಲ್ಲಿ ಆ ಹೆಸರು ಇದೆ ಅಂತ ಲಿಸ್ಟ್ ಬಂತು: ಒಂಬತ್ತು ಕಂಬ, 14 ಪಟ್ಟಿ. ಇಬ್ಬರು ಹೋಗಿ ಒಂದು ಬೆಳಿಗ್ಗೆಯಲ್ಲಿ ಮುಗಿಸಿ ಬಂದರು. ಮ್ಯಾಪ್‌ಗಳು ಮಾತ್ರ ಇನ್ನೂ ಬಾಕಿ, ಅವನ್ನು ಪೂರಾ ಪ್ರಿಂಟ್ ತೆಗೆಯಬೇಕು. ಮುಂದಿನ ಹಂತದಲ್ಲಿ ಮ್ಯಾಪಿನ ಫ್ರೇಮು ಬಾಗಿಲಿನ ಹಾಗೆ ತೆರೆಯುವಂತೆ ಮಾಡಿಸುತ್ತಿದ್ದೇವೆ. ಸ್ಟೇಷನ್ ಬಾಗಿಲಲ್ಲಿ ಬೆರಳಿಂದ ಮುಟ್ಟಿ ಓದುವ ಮ್ಯಾಪಿನ ಮಾದರಿಯೂ ಸಿದ್ಧವಾಗುತ್ತಿದೆ. ಅದನ್ನು ಬಳಸುವವರ ಕೈಗೆ ಕೊಟ್ಟು ನೋಡದೆ ಅಳತೆ ನಿಶ್ಚಯ ಮಾಡುವುದಿಲ್ಲ.

ಸೋಮವಾರದಿಂದ ಸೇತುವೆ ಆಚೆಯ ಎಣಿಕೆ ಶುರು. ಮೊದಲ ಕಂಬದ ನಂಬರ್ 64.